ನನ್ನ ವರದಿಗೆ ಅಪ್ಪನ ಆಕ್ಷೇಪಣೆ

ನಂಜನಗೂಡಿನ ಸುತ್ತಮುತ್ತ ಈಗ ಸಂಬಂಧ ಕುದುರಿಸಲು ಬಂದವರು ಹುಡುಗನ ಓದು, ಕೆಲಸ ಎಲ್ಲ ವಿಚಾರಿಸಿದ ಮೇಲೆ ಮೆಲ್ಲಗೆ ಇನ್ನೊಂದು ಮಾತು ಕೇಳುತ್ತಾರೆ: ಜಮೀನು ಯಾವ ಬಣ್ಣಕ್ಕೆ ಬಿದ್ದಿದೆ? ಊರು ಮುಂದೆ ಎತ್ತ ಬೆಳೆಯಬೇಕೆಂದು ತೋರಿಸುವ ಮಾಸ್ಟರ್ ಪ್ಲಾನಿನ ನಕ್ಷೆಯಲ್ಲಿ ಹಳದಿ ಎಂದರೆ ಮನೆ ಕಟ್ಟಬಹುದು, ಹಸಿರು ಎಂದರೆ ಉಳುಮೆ ಮಾತ್ರ. ಹಳದಿಗೆ ಬಿದ್ದವರು ಮೀಸೆ ತಿರುವುತ್ತಾರೆ. ಹಸಿರಿಗೆ ಬಿದ್ದವರು ಅದಕ್ಕೆ ಕಾರಣರಾದವರ ವಂಶವನ್ನೆಲ್ಲ ಜಾಲಾಡುತ್ತಾರೆ. ಹಾಗೆ ಬೈಸಿಕೊಳ್ಳುವವರಲ್ಲಿ ನಾನೂ ಒಬ್ಬಳು.

ನಕ್ಷೆ ಬರೆಯುವುದು ನನ್ನ ಕೆಲಸವಲ್ಲ. ಬರೆದ ನಕ್ಷೆಯಂತೆಯೇ ಊರು ಬೆಳೆದರೆ ಹೊಳೆ, ಕೆರೆ, ಬಾವಿ, ಗಾಳಿ ಏನಾಗುತ್ತವೆ ಎಂದು ಮೊದಲೇ ನೋಡಿ ಹೇಳುವ ತಂಡದಲ್ಲಿದ್ದೇನೆ. ತಿ. ನರಸೀಪುರದಲ್ಲಿ ಮನೆ, ನಂಜನಗೂಡಿನಲ್ಲಿ ಕೆಲಸ, ಹದಿನಾರು ಎಂಬ ಹಳ್ಳಿಯಲ್ಲಿ ತವರು. ಕೊಳವೆಬಾವಿಯ ನೀರನ್ನು ಸೀಸೆಗೆ ತುಂಬುವುದು, ಮಳೆ ನಿಂತ ಮೇಲೆ ಕೆಸರು ತುಳಿದು ನೀರು ಎಲ್ಲಿಂದ ಎಲ್ಲಿಗೆ ಹರಿಯಿತೆಂದು ಗುರುತು ಹಾಕುವುದು, ಇದೇ ನನ್ನ ದಿನದ ಪಾಡು. ಜಮೀನು ಕಿತ್ತುಕೊಳ್ಳಲು ಬಂದ ಸರ್ವೆಯವಳೆಂದುಕೊಂಡು ಎಷ್ಟೋ ಮನೆಯವರು ಒಂದು ಲೋಟ ಮಜ್ಜಿಗೆಯನ್ನೂ ಕೊಡುತ್ತಿರಲಿಲ್ಲ. ನಾನೂ ಬಿಡುತ್ತಿರಲಿಲ್ಲ, ಕೇಳಿ ಕುಡಿಯುತ್ತಿದ್ದೆ.

ತೊಡಕು ಶುರುವಾದದ್ದು ನಮ್ಮ ತವರೂರಿನ ನಕ್ಷೆಯ ಹಾಳೆಗೆ ಬಂದಾಗ. ಅಪ್ಪನ ಜಮೀನು ರಸ್ತೆಯಿಂದ ಕೆರೆಯ ಕಡೆಗೆ ಇಳಿಜಾರಾಗಿ ಹೋಗುತ್ತದೆ. ತಗ್ಗಿನಲ್ಲಿ ಒಂದು ಹಳ್ಳವಿದೆ. ವರ್ಷದ ಬಹುಪಾಲು ಅದು ಒಣಗಿದ್ದು ದನ ಮೇಯುತ್ತಿರುತ್ತವೆ. ಜೋರು ಮಳೆ ಹುಯ್ದರೆ ಮೇಲಿನ ಹೊಲಗಳ ನೀರೆಲ್ಲ ಅಲ್ಲೇ ಇಳಿದು ಕೆರೆ ಸೇರುತ್ತದೆ. ಕರಡು ನಕ್ಷೆಯಲ್ಲಿ ಹೊಲ, ಹಳ್ಳ ಎಲ್ಲವೂ ಸೇರಿ ಒಂದೇ ಹಳದಿಯಾಗಿತ್ತು. ರಸ್ತೆ ಬದಿಯಲ್ಲೊಂದು ಅಕ್ಕಿ ಗಿರಣಿ ಹಾಕಬೇಕೆಂಬುದು ಅಪ್ಪನ ಬಹುಕಾಲದ ಆಸೆ. ತಗ್ಗಿನ ಜಮೀನನ್ನು ಲೇಔಟಿಗೆ ಮಾರಿದರೆ ಅದು ಕೈಗೂಡುತ್ತಿತ್ತು. ಲೇಔಟಿನವನೊಬ್ಬನ ಜತೆ ಅವರು ಆಗಲೇ ಕಾಫಿ ಕುಡಿದಾಗಿತ್ತು.

ಇದು ನಮ್ಮ ಮನೆಯ ಜಮೀನು, ಬೇರೆಯವರು ನೋಡಲಿ ಎಂದು ನಾನು ಮೇಲಿನವರಿಗೆ ಹೇಳಿದೆ. ಸಹೋದ್ಯೋಗಿಯೊಬ್ಬರು ಹೋಗಿ ನಡೆದು ನೋಡಿ ಬಂದರು. ಹಳ್ಳದ ಮೇಲೆ ಮನೆಗಳೆದ್ದರೆ ಕೆರೆಗೆ ಮಳೆನೀರು ಬರುವುದು ನಿಂತು ಬಚ್ಚಲ ನೀರು ಬರಲು ಶುರುವಾಗುತ್ತದೆ ಎಂದು ಅವರೂ ಹೇಳಿದರು. ಹಳ್ಳವೂ ಅದರ ಎರಡು ದಡದ ನೆಲವೂ ಹಸಿರಾಗಿರಲಿ ಎಂದು ವರದಿ ಹೋಯಿತು. ಅದನ್ನು ಜನರ ಮುಂದೆ ಸಮರ್ಥಿಸುವ ಸರದಿ ಮಾತ್ರ ನನ್ನದಾಯಿತು.

ಸುದ್ದಿ ತಿಳಿದ ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸಲೀಸಾಗುತ್ತಿತ್ತು, ಆ ವಿದ್ಯೆಯಲ್ಲಿ ನಾನೂ ಅವರ ಮಗಳೇ. ಭಾನುವಾರ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ, "ಆಕ್ಷೇಪಣೆ ಆಕ್ತೀನಿ ಕಣವ್ವ" ಎಂದರು.

"ಯಾರ ಮೇಲಪ್ಪಾ?"

"ನಿನ್ ಮೇಲೇಯ."

ಅವ್ವ ಸಾರಿನ ಪಾತ್ರೆಯನ್ನು ಕುಕ್ಕಿ, "ಅಪ್ಪ ಮಗ್ಳು ಇಬ್ರೂ ಸೇರ್ಕೊಂಡು ಊರ್ ಮುಂದೆ ಮಾನ ಕಳೀರಿ" ಎಂದು ಎದ್ದುಹೋದಳು.

ನಂಜನಗೂಡಿನ ಸಭಾಂಗಣದಲ್ಲಿ ಆಕ್ಷೇಪಣೆ ಕೇಳುವ ದಿನ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಅಪ್ಪನ ಮುಖ ನೋಡಿ ಒಂದು ಮಾತು ಸಡಿಲ ಬಿಟ್ಟರೂ ಉಳಿದವರೆಲ್ಲ ನಮಗೂ ಬಿಡಿ ಎಂದು ಮುಗಿಬೀಳುತ್ತಿದ್ದರು, ಕೆರೆ ಕೆಡುತ್ತಿತ್ತು. ಬಿಡದಿದ್ದರೆ ತವರಿನ ಹೊಸ್ತಿಲು ಯಾವ ಮುಖ ಹೊತ್ತು ತುಳಿಯುವುದು? ಅಪ್ಪ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಹಣೆಗೆ ಢಾಳಾಗಿ ವಿಭೂತಿ ಧರಿಸಿ ಬಂದಿದ್ದರು. ಹೆಸರು ಕೂಗಿದಾಗ ಎದ್ದು ನನಗೆ ಕೈಮುಗಿದರು.

"ನಮಸ್ಕಾರ ಮೇಡಮ್ಮೋರೆ."

ನಮ್ಮೂರಿನವರೆಲ್ಲ ಗೊಳ್ಳೆಂದು ನಕ್ಕರು. ಅವರನ್ನು ಏನೆಂದು ಕರೆಯಬೇಕೋ ತೋಚದೆ, "ಹೇಳಿ ಯಜಮಾನ್ರೇ" ಎಂದುಬಿಟ್ಟೆ. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು.

ಅಪ್ಪ ನಗಲಿಲ್ಲ. "ಕೆರೆ ಇಡೀ ಊರ್ದು. ಅದ್ಕೆ ನೀರು ಓಗೋ ಜಮೀನು ಮಾತ್ರ ನಂದು. ನೀರು ಎಲ್ರಿಗೂ ಬೇಕು, ಲುಕ್ಸಾನು ಮಾತ್ರ ನನ್ನೊಬ್ನಿಗೇ ಯಾಕೆ? ಅದೊಂದು ಯೋಳಿ."

ನಗು ತಟ್ಟನೆ ನಿಂತಿತು. ಬೆಳಗಿನಿಂದ ಬಂದವರೆಲ್ಲ ಹಸಿರು ಬೇಡ, ಹಳದಿ ಕೊಡಿ ಎಂದಷ್ಟೇ ಕೂಗಿದ್ದರು. ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ, ಜಗಳವಾಡಿದರೆ ನಮ್ಮಪ್ಪನ ಹಾಗೆ ಆಡಬೇಕು ಎಂದು.

"ನೀವು ಕೇಳಿದ್ದು ನ್ಯಾಯ" ಎಂದೆ. "ಹಳ್ಳ ಬಿಟ್ಟುಕೊಟ್ಟವರಿಗೆ ಪರಿಹಾರ ಕೊಡಲೇಬೇಕು ಅಂತ ವರದಿಗೆ ಸೇರಿಸ್ತೀವಿ. ಕೊಡೋದು ಸರ್ಕಾರದ ಕೈಲಿದೆ, ನಾನು ಮಾತು ಕೊಡಕ್ಕಾಗಲ್ಲ. ರಸ್ತೆ ಪಕ್ಕದ ಎತ್ತರದ ನೆಲ ಹಳದಿಯಾಗೇ ಇರಲಿ. ಹಳ್ಳ ಮಾತ್ರ ಆಗಲ್ಲ."

"ಒಸಿಯಾದ್ರೂ ಬುಡಿ."

"ಇಲ್ಲ."

"ಒಂದ್ ದಡನಾದ್ರೂ?"

"ಇಲ್ಲ ಯಜಮಾನ್ರೇ. ಮಳೆಗಾಲದಲ್ಲಿ ನೀರು ಎರಡು ದಡನೂ ಮೀರುತ್ತೆ. ನಾನು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸ್ಕೊಂಡು ನೀವೇ ತೋರಿಸಿದ್ದಲ್ವಾ?"

ಅಪ್ಪ ನನ್ನನ್ನೇ ನೋಡಿದರು. ಆಮೇಲೆ, "ಅದು ದಿಟ" ಎಂದು ಹೆಗಲ ಟವೆಲ್ಲು ಕೊಡವಿ ಕೂತರು. ಅವರಾದ ಮೇಲೆ ಎದ್ದವರು ಯಾರೂ ನಮಗೊಂದಿಷ್ಟು ಬಿಡಿ ಎನ್ನಲಿಲ್ಲ.

ಮುಂದೆ ಅಂತಿಮ ನಕ್ಷೆಯಲ್ಲಿ ಹಳ್ಳ ಹಸಿರಾಗಿಯೇ ಉಳಿಯಿತು. ಪರಿಹಾರದ ಮಾತೂ ವರದಿಗೆ ಸೇರಿತು. ಪರಿಹಾರ ಇನ್ನೂ ಬಂದಿಲ್ಲ, ಗಿರಣಿ ಎದ್ದಿಲ್ಲ. ಅದಕ್ಕೆ ಅಪ್ಪ ಸರ್ಕಾರವನ್ನು ಬಿಟ್ಟು ನನ್ನನ್ನೇ ಬೈಯುತ್ತಾರೆ, ನಾನೂ ತಿರುಗಿಸಿ ಬೈಯುತ್ತೇನೆ. ಆದರೂ ಈ ಕೆಲಸದಲ್ಲಿ ನನಗೆ ತುಂಬಾ ಹೆಮ್ಮೆಯ ದಿನ ಯಾವುದೆಂದು ಕೇಳಿದರೆ ಆ ಸಭೆಯ ದಿನವನ್ನೇ ಹೇಳುತ್ತೇನೆ.

ಅಂದು ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಅಪ್ಪ ನನ್ನ ಪಕ್ಕ ಕೂರದೆ ಹಿಂದಿನ ಸೀಟಿಗೆ ಹೋದರು. ನನಗೆ ಅಳು ಬರುವಂತಾಗಿ ಕಿಟಕಿಯಾಚೆ ನೋಡುತ್ತಾ ಕೂತಿದ್ದೆ. ಅಷ್ಟರಲ್ಲಿ ಅಪ್ಪನ ಫೋನು ಬಡಿದುಕೊಂಡಿತು. ಏನಾಯಿತೆಂದು ಕೇಳಲು ಅವ್ವ ಮಾಡಿದ್ದಳು.

"ಬುಡ್ನಿಲ್ಲ ಕಣೇ!" ಅಪ್ಪನ ಗಂಟಲು ಡ್ರೈವರಿನವರೆಗೂ ಕೇಳಿಸುವಂತಿತ್ತು. "ಒಂದ್ ದಡನೂ ಬುಡ್ನಿಲ್ಲ. ಅಷ್ಟ್ ಜನದ್ ಮುಂದೆ ನನ್ ಮೊಕ ನೋಡ್ಕಂಡೇ ಇಲ್ಲ ಅಂದ್ಬುಟ್ಲು!"

ಪಕ್ಕದಲ್ಲಿದ್ದವನೊಬ್ಬ ತಡೆಯಲಾರದೆ, "ಯಾರಣ್ಣೋ ಅದು, ಅಂತಾ ಗಟ್ಟಿಗಿತ್ತಿ?" ಎಂದು ಕೇಳಿದ.

ಅಪ್ಪ ಕಂಬಿ ಹಿಡಿದು ಎದ್ದರು. ಓಲಾಡುವ ಬಸ್ಸಿನಲ್ಲಿ ನನ್ನ ಸೀಟಿನ ತನಕ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

"ಇವ್ಳೇ ಕಣಪ್ಪ" ಎಂದರು. "ನನ್ ಮಗ್ಳು."