ಮೂರು ಅಮಾವಾಸ್ಯೆಗಳ ಸಾಕ್ಷಿ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ನಲವತ್ತು ವರ್ಷ ಬೆಸುಗೆಯ ಕಾವು ಉಂಡ ಆ ಬೆರಳ ತುದಿ ಹುರಿದ ಶೇಂಗಾದ ಹಾಗೆ ಕಂದಿ ಗಟ್ಟಿಯಾಗಿತ್ತು. ರಬಕವಿಯ ನಮ್ಮ ಓಣಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಅವರನ್ನು ಎಲ್ಲರೂ ಮಾಸ್ತರರೆಂದೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲೂ ಅವರು ಕಲಿಸಿದವರಲ್ಲ. ಯಾರು ಏನು ಹೇಳಿದರೂ "ಕಂಡದ್ದೋ, ಕೇಳಿದ್ದೋ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಎದುರು ಮನೆಯ ಮಾಳಿಗೆಯ ಮೇಲೆ ಮೊಬೈಲ್ ಟವರ್ ಎದ್ದ ತಿಂಗಳಲ್ಲೇ ನನ್ನ ಹೆಂಡತಿಗೆ ತಲೆನೋವು ಹತ್ತಿಕೊಂಡಿತು. "ಏನೂ ಅಪಾಯವಿಲ್ಲ" ಎಂಬ ಕಂಪನಿಯವರ ಮಾತನ್ನು ನಾನು ಒಂದು ಗಳಿಗೆಯೂ ನಂಬಲಿಲ್ಲ. ಟವರ್ ಕೀಳಿಸಲೇಬೇಕೆಂದು ಅರ್ಜಿ ಬರೆದು, ಮೊದಲ ಸಹಿಗಾಗಿ ಮಾಸ್ತರರ ಅಂಗಡಿಗೆ ಓಡಿದೆ.

"ತಂಗೀ ತಲಿ ಯಾವ್ಯಾವಾಗ ನೋಯತೈತಿ, ಬರದಿಟ್ಟೀಯೇನ?"

"ದಿನಾ ನೋಯತೈತ್ರಿ! ಅದರಾಗ ಬರಿಯೂದೇನೈತಿ?"

"ಕಂಪನಿಯವ್ರು ನೋಡಲಾರದ ಹೇಳತಾರಂತ ಬೈತಿ. ನೀನೂ ನೋಡಲಾರದ ಹೇಳಿದಿ ಅಂದ್ರ ಇಬ್ರೂ ಬೀಗರಾದ್ರಿ ಬಿಡು."

ಸಿಟ್ಟಿನಿಂದಲೇ ನೋಟ್‌ಬುಕ್ ತೆರೆದೆ. ನೋವಿದ್ದ ದಿನಕ್ಕೊಂದು ಸೊನ್ನೆ. ಮೂರು ತಿಂಗಳ ಬಳಿಕ ಪುಟ ತಿರುವುತ್ತಿದ್ದ ಮಾಸ್ತರರು, ಸೊನ್ನೆಯಿಲ್ಲದ ಮೂರು ಜಾಗಗಳ ಮೇಲೆ ಆ ಹೆಬ್ಬೆರಳನ್ನೂರಿ ಕೂಗಿಕೊಂಡರು: "ಲೇ ತಮ್ಮಾ, ಮೂರೂ ಅಮಾಸಿ!"

ಅಮಾವಾಸ್ಯೆಗೆ ನಮ್ಮೂರಿನಲ್ಲಿ ಮಗ್ಗಗಳಿಗೆ ಬಿಡುವು. ಟವರಿಗೆ ಯಾವ ಅಮಾವಾಸ್ಯೆ! ಅದು ಎದ್ದ ತಿಂಗಳಲ್ಲೇ ನಮ್ಮ ಗೋಡೆಗೆ ಹೊಂದಿಕೊಂಡ ಮನೆಗೆ ಇನ್ನೆರಡು ಪವರ್‌ಲೂಮ್ ಬಂದು, ಅವುಗಳ ಖಟಖಟ ಸದ್ದು ಗೋಡೆಯನ್ನೇ ಅದುರಿಸುತ್ತಿತ್ತು. ನಾನು ಮಾತ್ರ ತಲೆಯೆತ್ತಿ ಮೇಲೆಯೇ ನೋಡುತ್ತಿದ್ದೆ.

"ಹಂಗಾರ ಟವರ್ ಭಾಳ ಸಂಭಾವಿತ ಅಂತೀರೇನ್ರಿ?"

"ಎಲ್ಲಿ ಅಂದೆ? ಈ ತಲಿನೋವು ಅದರದಲ್ಲ ಅಂದೆ, ಅಷ್ಟ. ಉಳಿದದ್ದನ್ನ ಬ್ಯಾರೆ ಕೇಳೂಣು."

ಕೇಳಿಯೇ ಬಿಟ್ಟರು! ಟವರಿನ ವಿಕಿರಣ ಅಳೆಯಲು ಬಂದ ಸರಕಾರಿ ಅಧಿಕಾರಿ ಬೀದಿಯಲ್ಲಿ ಯಂತ್ರ ಹಿಡಿದು "ಮಿತಿಯೊಳಗ ಐತ್ರಿ" ಎಂದಾಗ, "ಮ್ಯಾಲ ಬರ್ರಿ ಸಾಹೇಬ್ರ, ಹೆಣಮಕ್ಕಳು ಸಂಡಿಗಿ ಹಾಕೂದು ಮಾಳಗಿ ಮ್ಯಾಲ" ಎಂದು ಏಣಿ ಹತ್ತಿಸಿದರು. ಅಲ್ಲಿ ಅಂಕಿ ಏರಿತು, ಮಿತಿಯನ್ನು ಮೀರಲಿಲ್ಲ.

"ಈ ಮಿತಿ, ಇಪ್ಪತ್ತ ವರ್ಷ ಟವರಿನ ಎದುರಿಗೆ ಬಾಳೇವು ಮಾಡಿದವ್ರನ್ನ ನೋಡಿ ಹಾಕ್ಯಾರೇನ್ರಿ?"

ಅಧಿಕಾರಿ ಯಂತ್ರವನ್ನು ಚೀಲಕ್ಕಿಳಿಸುತ್ತ, "ಅದು ನನಗ ಗೊತ್ತಿಲ್ರಿ" ಎಂದರು.

ಮಾಸ್ತರರು ಅವರ ಎರಡೂ ಕೈ ಹಿಡಿದು ಕುಲುಕಿದರು. "ಇವತ್ತ ಒಬ್ರು ಖರೆ ಮಾತಾಡಿದ್ರು ನೋಡಪಾ!"

ಹಳೆಯ ಅರ್ಜಿಯನ್ನು ಹರಿದು, ಆ ಒಂದೇ ಪ್ರಶ್ನೆಯ ಹೊಸ ಅರ್ಜಿ ಬರೆದೆ. ಮೊದಲ ಸಹಿ ಅವರದೇ. ಉತ್ತರ ಇನ್ನೂ ಬಂದಿಲ್ಲ. ಕೇಳುವುದನ್ನು ನಾನೂ ಬಿಟ್ಟಿಲ್ಲ. ಹೆಂಡತಿಯ ಹಾಸಿಗೆ ಮಗ್ಗದ ಗೋಡೆ ಬಿಟ್ಟು ಹಿಂದಿನ ಕೋಣೆಗೆ ಹೋದ ಮೇಲೆ ನೋಟ್‌ಬುಕ್ಕಿನಲ್ಲಿ ಸೊನ್ನೆಗಳು ವಿರಳವಾದವು.

ಮಾಸ್ತರರು ತೀರಿಕೊಂಡ ದಿನ ಅಮಾವಾಸ್ಯೆಯಾಗಿರಲಿಲ್ಲ. ಆದರೂ ಓಣಿಯ ಮಗ್ಗಗಳೆಲ್ಲ ನಿಂತವು. ಮಣ್ಣು ಮಾಡಿ ಬಂದಾಗ ಹೆಂಡತಿ ಅತ್ತು ಕಣ್ಣು ಊದಿಸಿಕೊಂಡು ಕೂತಿದ್ದಳು.

"ತಲಿ ನೋಯತೈತೇನ?" ಎಂದೆ.

"ಭಾಳ ನೋಯಾಕತ್ತೈತ್ರಿ."

ನೋಟ್‌ಬುಕ್ ತೆರೆದು ಸೊನ್ನೆ ಬರೆದೆ. ಅದರ ಪಕ್ಕದಲ್ಲಿ, ಮೊದಲ ಬಾರಿಗೆ, ಯಾವ ಅನುಮಾನವೂ ಇಲ್ಲದೆ ಕಾರಣವನ್ನೂ ಬರೆದೆ.