ಮೂರನೇ ರೂಮಿನ ಚಿತ್ರ

ನಮ್ಮ ಮನೆಯ ಮೂರನೇ ರೂಮಿನಲ್ಲಿ ಒಂದು ಕುರ್ಚಿಯೂ ಇಲ್ಲ. ಬಾಗಿಲು ತೆಗೆದರೆ ಎದುರಿಗೆ ಬಾಲ್ಕನಿ. ಬಟ್ಟೆ ಒಣಹಾಕಲು ಹೋಗುವವರು ಮೂಗಿನ ನೇರಕ್ಕೆ ಎಂಟು ಹೆಜ್ಜೆ ಇಟ್ಟರೆ ಮುಗಿಯಿತು. ನನ್ನ ಸೊಸೆ ದೀಪಾ ಮಾತ್ರ ಹಾಗೆ ಹೋಗುವುದಿಲ್ಲ. ಬಕೆಟ್ ಹಿಡಿದುಕೊಂಡು ಗೋಡೆಗೆ ಒತ್ತಿಕೊಂಡೇ ಸುತ್ತು ಹಾಕಿ ಬಾಲ್ಕನಿ ಸೇರುತ್ತಾಳೆ. ಬರುವಾಗಲೂ ಅಷ್ಟೇ.

ಖಾಲಿ ರೂಮಿನಲ್ಲಿ ಯಾರಾದರೂ ಬಳಸಿಕೊಂಡು ಹೋಗುತ್ತಾರೆಯೇ? ಕಾರಣ ನನಗೆ ಗೊತ್ತು. ಕಾರಣ ನಾನೇ.

ದೀಪಾಗೆ ಐದು ತಿಂಗಳಾಗಿದ್ದಾಗ ಶುರುವಾದದ್ದು ಇದು. ಮಗುವಿಗೆ ಆ ರೂಮು ಎಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಆದರೆ ನಮ್ಮ ಅಮ್ಮನ ಕಾನೂನು ನಿಮಗೂ ಗೊತ್ತಿರುವಂಥದ್ದೇ. ಮಗು ಹುಟ್ಟುವ ತನಕ ಮನೆಗೆ ಒಂದು ಕುಲಾವಿಯೂ ಬರಕೂಡದು. ತೊಟ್ಟಿಲಂತೂ ದೂರದ ಮಾತು. (ಅಮ್ಮನಿಗೆ ಎಂಬತ್ತೆರಡು. ನಂಜನಗೂಡು ಬಿಟ್ಟು ಚೆನ್ನೈನ ಈ ಪೋರೂರಿಗೆ ಬಂದು ಆರು ವರ್ಷವಾಗಿದೆ. ತಮಿಳು ಒಂದಕ್ಷರ ಕಲಿತಿಲ್ಲ. ಹಾಲಿನವನೇ ಕನ್ನಡ ಕಲಿತ.)

ದೀಪಾ ಎದುರಾಡುವವಳಲ್ಲ. ಅವಳು ಸುಮ್ಮನೆ ಒಂದು ಚಾರ್ಟ್ ಹಾಳೆ ತಂದು ಗೋಡೆಗೆ ಅಂಟಿಸಿದಳು. ಮೂಡ್‌ಬೋರ್ಡ್ ಅಂತೆ. ಮನಸ್ಸಿಗೆ ಹಿಡಿಸಿದ ಬಣ್ಣ, ಬಟ್ಟೆ, ಮರ, ದೀಪ ಎಲ್ಲವನ್ನೂ ಒಂದೇ ಹಾಳೆಗೆ ಅಂಟಿಸುತ್ತಾ ಹೋಗುವುದು. ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಬಂತು. ಪ್ಯಾರೀಸ್ ಕಾರ್ನರಿನ ಹೋಲ್‌ಸೇಲ್ ಅಂಗಡಿಗಳಲ್ಲಿ ನಾನೂ ಅವಳೂ ಸುತ್ತಿ, ಏನನ್ನೂ ಕೊಳ್ಳದೆ ಚೂರು ಬಟ್ಟೆ ಮಾತ್ರ ಕೇಳಿ ತಂದೆವು. ಒಂದು ಬೆತ್ತದ ತುಂಡು. ಪತ್ರಿಕೆಯಿಂದ ಕತ್ತರಿಸಿದ ತೊಟ್ಟಿಲಿನ ಫೋಟೋ.

ಅಮ್ಮ ದಿನಾ ಅದರ ಮುಂದೆ ನಿಂತು ನೋಡುತ್ತಿದ್ದಳು. ಒಂದು ದಿನ ತನ್ನ ಹಳೆಯ ತಿಳಿಹಸಿರು ಹತ್ತಿ ಸೀರೆಯ ತುದಿಯನ್ನು ಕತ್ತರಿಸಿ ತಂದು ದೀಪಾಳ ಕೈಗಿಟ್ಟಳು. ಕೂಸಿಗೆ ಹಾಸಲು ಹಳೇ ಸೀರೆಯಷ್ಟು ಮೆತ್ತಗಿನದು ಯಾವುದೂ ಇಲ್ಲವಂತೆ. ಕಾನೂನು ಮಾಡಿದವಳೇ ಸಡಿಲವಾದಳಲ್ಲ ಎಂದು ನಾನು ನಕ್ಕೆ.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ನನ್ನ ಮೊಬೈಲ್ ಹುಚ್ಚು ನಿಮಗೆ ಹೊಸದೇ? ಮೂಡ್‌ಬೋರ್ಡಿನ ಫೋಟೋ, ಖಾಲಿ ರೂಮಿನ ಫೋಟೋ ಎರಡನ್ನೂ ಕೊಟ್ಟರೆ, ಸಿದ್ಧವಾದ ರೂಮನ್ನು ನಿಜದಂತೆಯೇ ತೋರಿಸುವ ಎಐ ಆ್ಯಪ್ ಇದೆ ಎಂದು ಎಲ್ಲೋ ಓದಿದ್ದೆ. ಅಮ್ಮನ ಅನುಮತಿ ಕೇಳಿದೆ. ಇದು ಬರೀ ಚಿತ್ರ, ಮನೆಗೆ ಒಂದು ವಸ್ತುವೂ ಬರುವುದಿಲ್ಲ, ನಿನ್ನ ಕಾನೂನಿಗೆ ಭಂಗವಿಲ್ಲ ಎಂದು ವಾದಿಸಿದೆ. ಅಮ್ಮ ಯೋಚಿಸಿ, ಚಿತ್ರಕ್ಕೇನು, ಬರೆದುಕೊಳ್ಳಿ ಅಂದಳು. ಕೇಸು ಗೆದ್ದ ವಕೀಲೆಯಂತೆ ಬೀಗಿದೆ.

ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಚಿತ್ರ ಬಂತು. ಮೂವರೂ ಫೋನಿನ ಮೇಲೆ ಬಾಗಿದೆವು.

ನಮ್ಮದೇ ರೂಮು. ನಮ್ಮ ಕಿಟಕಿಯ ಸರಳು, ನಮ್ಮ ಸ್ವಿಚ್‌ಬೋರ್ಡು, ಅದರ ಪಕ್ಕದ ಪೇಂಟಿನ ಕಲೆ ಕೂಡ. ನೆಲದ ಮೇಲೆ ಸಂಜೆಯ ಬಿಸಿಲು. ಕಿಟಕಿಯ ಹತ್ತಿರ ಬೆತ್ತದ ತೊಟ್ಟಿಲು. ಪೆದ್ದು ಆ್ಯಪು ಅಮ್ಮನ ಸೀರೆಯನ್ನು ಪರದೆ ಮಾಡಿ ನೇತುಹಾಕಿತ್ತು. ಪರದೆಗಲ್ಲ, ತೊಟ್ಟಿಲೊಳಗೆ ಹಾಸು ಎಂದು ಬರೆದೆ. ಹಾಸಿತು. ಎಷ್ಟು ಚೆನ್ನಾಗಿ ಹಾಸಿತೆಂದರೆ, ನಡುವೆ ಸ್ವಲ್ಪ ತಗ್ಗಿತ್ತು.

ಆಮೇಲೆ ಅಮ್ಮನದೇ ಯಜಮಾನಿಕೆ. ಕಿಟಕಿ ಹತ್ತಿರ ಬೇಡ, ಕೂಸಿನ ಕಣ್ಣಿಗೆ ಬಿಸಿಲು ಹೊಡೆಯುತ್ತದೆ ಅಂದಳು. ಗೋಡೆಯ ಬದಿಗೆ ಸರಿಸಿದೆವು. ಅಲ್ಲಿ ಎಸಿ ಗಾಳಿ ನೇರ ಬೀಳುತ್ತದೆ ಎಂದು ದೀಪಾ ಅಂದಳು. ಕೊನೆಗೆ ತೊಟ್ಟಿಲು ರೂಮಿನ ನಡುಮಧ್ಯಕ್ಕೆ, ಫ್ಯಾನಿನಿಂದ ಸ್ವಲ್ಪ ಈಚೆಗೆ ಬಂದು ನಿಂತಿತು. ನನ್ನ ಮಗ ಪ್ರಮೋದ ಆಫೀಸಿನಿಂದ ಬಂದವನೇ ರೂಮು ತೋರಿಸು ಅನ್ನುತ್ತಿದ್ದ. ರೂಮು ಹತ್ತು ಅಡಿ ದೂರದಲ್ಲೇ ಇತ್ತು. ಅವನು ನೋಡುತ್ತಿದ್ದದ್ದು ನನ್ನ ಫೋನು.

ಏಳನೇ ತಿಂಗಳಲ್ಲಿ ಒಂದು ಬೆಳಿಗ್ಗೆ ದೀಪಾ, ಮಗು ಅಲುಗುತ್ತಿಲ್ಲ ಅಂದಳು. ಆಸ್ಪತ್ರೆ ಮನೆಯಿಂದ ಹತ್ತೇ ನಿಮಿಷ. ಸ್ಕ್ಯಾನ್ ಮಾಡಿದ ಡಾಕ್ಟರು ಸ್ಕ್ರೀನನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಹೆಣ್ಣು ಮಗು. ಇದರ ಬಗ್ಗೆ ನಾನು ಬರೆಯಬಲ್ಲದ್ದು ಇಷ್ಟೇ.

ಆ ಚಿತ್ರದಿಂದ ಹೀಗಾಯಿತೇ? ಮೂವತ್ತು ವರ್ಷ ಮಕ್ಕಳಿಗೆ ಸೈನ್ಸ್ ಪಾಠ ಮಾಡಿದವಳು ಕೇಳುವ ಪ್ರಶ್ನೆಯೇ ಇದು? ಅಲ್ಲ. ಆದರೂ ಹದಿನೈದು ದಿನ ಅದೇ ಪ್ರಶ್ನೆ ನನ್ನನ್ನು ತಿಂದಿತು. ಕೊನೆಗೆ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಮುಂದೆ ಕೂತು ಕೇಳಿದೆ. ನಿನ್ನ ಮಾತು ಮೀರಿದ್ದಕ್ಕೆ ದೃಷ್ಟಿ ಬಿತ್ತೇನಮ್ಮಾ ಎಂದು.

ಅಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ದೃಷ್ಟಿಗೆ ಅಂತ ಯಾರ್ ಹೇಳಿದ್ರು ನಿಂಗೆ? ನನ್ ಮೊದಲನೇ ಕೂಸು ಉಳೀಲಿಲ್ಲ ಕಣೇ. ನಮ್ಮಪ್ಪ ಆಗ್ಲೇ ತೊಟ್ಲು ತಂದು ಕಟ್ಟಿಸ್ಬಿಟ್ಟಿದ್ರು. ಮೈಸೂರ್ ಆಸ್ಪತ್ರೆಯಿಂದ ಬರಿಗೈಲಿ ಬಂದ್ರೆ ಅದು ಅಲ್ಲೇ ತೂಗ್ತಾ ಇತ್ತು. ಬಿಚ್ಚೋಕೆ ಯಾರಿಗೂ ಕೈ ಬರ್ಲಿಲ್ಲ. ಹನ್ನೊಂದು ದಿನ ನೋಡ್ದೆ. ಹನ್ನೆರಡನೇ ದಿನ ಅಪ್ಪನೇ ಬಿಚ್ಚಿ ಅಟ್ಟಕ್ಕೆ ಹಾಕಿದ್ರು. ವಾಪಸ್ ಬಂದೋಳ ಕಣ್ಣಿಗೆ ಏನೂ ಬೀಳ್ಬಾರ್ದು, ಅದಕ್ಕೆ ತರ್ಬೇಡಿ ಅಂದಿದ್ದು. ಅಷ್ಟೇ."

ನನಗಿಂತ ಮುಂಚೆ ಒಂದು ಮಗು ಇತ್ತೆಂದು ನನಗೆ ಗೊತ್ತಾದದ್ದು ಐವತ್ತೊಂಬತ್ತನೇ ವಯಸ್ಸಿನಲ್ಲಿ. ಅಮ್ಮ ಅರವತ್ತು ವರ್ಷಕ್ಕೂ ಮೇಲೆ ಅದನ್ನು ಒಂದು ಕಾನೂನಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ಆ ಕಾನೂನನ್ನು ನಾನು ಫೋನು ಹಿಡಿದುಕೊಂಡು ಗೆದ್ದಿದ್ದೆ. ಅವರೆಕಾಯಿಯ ಮುಂದೆ ಕೂತು ಅತ್ತೆ. ಅಮ್ಮ ನನ್ನ ಕಡೆಗೂ ಒಂದಷ್ಟು ಕಾಯಿ ತಳ್ಳಿದಳು.

ಚಾರ್ಟ್ ಹಾಳೆ ತೆಗೆಯುವುದು ಸುಲಭವಾಯಿತು. ಪ್ರಮೋದ ಅದನ್ನು ಗೋಡೆಯಿಂದ ಬಿಡಿಸಿ ಸುರುಳಿ ಸುತ್ತಿ ಬೀರುವಿನ ಮೇಲಿಟ್ಟ. ಸೀರೆಯ ಚೂರನ್ನು ಮಾತ್ರ ಅಮ್ಮ ಬಿಡಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ರೂಮಿನಲ್ಲಿ ತೆಗೆಯುವಂಥದ್ದು ಮತ್ತೇನೂ ಇರಲಿಲ್ಲ. ಅಮ್ಮನ ಕಾನೂನು ಅಕ್ಷರಶಃ ಪಾಲನೆಯಾಗಿತ್ತು ನೋಡಿ. ಒಂದು ಕುಲಾವಿಯೂ ಬಂದಿರಲಿಲ್ಲ.

ಆದರೂ ದೀಪಾ ಗೋಡೆ ಬದಿಯಲ್ಲೇ ನಡೆಯುತ್ತಾಳೆ. ಕಳೆದ ವಾರ, ಕೇಳಬಾರದೆಂದು ಗೊತ್ತಿದ್ದೂ ಕೇಳಿಬಿಟ್ಟೆ.

"ಅಲ್ಲಿ ಏನೂ ಇಲ್ಲಾಂತ ತೆರಿಯುಂ ಅತ್ತೆ," ಅಂದಳು. (ಚೆನ್ನೈನಲ್ಲೇ ಹುಟ್ಟಿ ಬೆಳೆದವಳು. ಗೊತ್ತು ಅನ್ನುವುದು ನೋವಿನಲ್ಲಿ ತಮಿಳಿನಲ್ಲೇ ಬರುತ್ತದೆ.) "ಆದ್ರೆ ಕಾಲು ಹೋಗಲ್ಲ. ಇಡಿಸಿಬಿಟ್ರೆ ಅಂತ."

ತಾಗಿಬಿಟ್ಟರೆ ಎಂದು. ತೊಟ್ಟಿಲಿಗೆ.

ಆಮೇಲೆ ಅವಳೇ, ಫೋನಿನಲ್ಲಿರುವುದನ್ನು ನೀವೇ ತೆಗೆದುಬಿಡಿ ಅತ್ತೆ, ನನ್ನ ಕೈಲಾಗುವುದಿಲ್ಲ ಅಂದಳು. ಅಂದೇ ತೆಗೆದೆ. ಕಿಟಕಿ ಹತ್ತಿರದ್ದು, ಗೋಡೆ ಹತ್ತಿರದ್ದು, ನಡುಮಧ್ಯದ್ದು, ಎಲ್ಲ ಚಿತ್ರಗಳನ್ನೂ. ಖಚಿತವಾಗಿ ಅಳಿಸಬೇಕೇ ಎಂದು ಫೋನು ಪ್ರತಿ ಸಲವೂ ಕೇಳಿತು. ಪ್ರತಿ ಸಲವೂ ಹೌದು ಎಂದು ಒತ್ತಿದೆ. ಆ್ಯಪನ್ನೂ ಕಿತ್ತು ಹಾಕಿದೆ.

ನಿನ್ನೆ ದೀಪಾಗೆ ತಲೆನೋವು. ಬಟ್ಟೆಯ ಬಕೆಟ್ ಹಿಡಿದು ನಾನೇ ಹೋದೆ. ಬಾಗಿಲು ತೆಗೆದೆ. ಎದುರಿಗೇ ಬಾಲ್ಕನಿ, ಎಂಟೇ ಹೆಜ್ಜೆ. ಮೂರನೇ ಹೆಜ್ಜೆಗೆ ನನ್ನ ಕಾಲು ತಾನೇ ಗೋಡೆಯ ಕಡೆಗೆ ತಿರುಗಿತು.

ಅಮ್ಮನ ತೊಟ್ಟಿಲನ್ನು ಬಿಚ್ಚಲು ಹನ್ನೆರಡನೇ ದಿನಕ್ಕಾದರೂ ಅವಳ ಅಪ್ಪ ಬಂದರು. ಮನೆಗೆ ತಾರದೇ ಇದ್ದ ತೊಟ್ಟಿಲನ್ನು ಅಟ್ಟಕ್ಕೆ ಹಾಕುವವರು ಯಾರು?