ಮೇಲಿನ ಬಚ್ಚಲಿಗೆ ಬೋಟಿನ ಪಂಪು

ನಾನು ಶಾಲೆ ಬಿಟ್ಟದ್ದು 1995ರಲ್ಲಿ, ಏಳನೇ ಇಯತ್ತೆ ಮುಗಿಸಿ. ಆಗಿನ ದಿನಗಳಲ್ಲಿ ಭಟ್ಕಳ ಬಂದರದ ನಮ್ಮ ಕೇರಿಗೆ ಏಪ್ರಿಲ್ ಬಂತೆಂದರೆ ಒಣಮೀನಿನ ವಾಸನೆಯ ಜೊತೆ ಮುರುಗಲ ಹಣ್ಣಿನ ಹುಳಿವಾಸನೆಯೂ ಸೇರುತ್ತಿತ್ತು. ನಲ್ಲಿಯ ನೀರು ಮಾತ್ರ ಸಪೂರವಾಗಿ ದಾರದಂತಾಗುತ್ತಿತ್ತು. ಕೊಡ ಇಟ್ಟು ಒಂದು ಸುತ್ತು ಲಗೋರಿ ಆಡಿ ಬಂದರೂ ಅರ್ಧ ತುಂಬಿರುತ್ತಿರಲಿಲ್ಲ. ನೀವೂ ಹಾಗೆ ಕಾದವರೇ ಇರಬಹುದು.

ಆ ವರ್ಷ ದುಬೈಯಲ್ಲಿದ್ದ ಅಣ್ಣನ ದುಡಿಮೆಯಿಂದ ನಮ್ಮ ಮನೆಗೆ ಮಾಳಿಗೆ ಎದ್ದಿತ್ತು. ಕೆಳಗೆಲ್ಲ ಬಲೆ, ಬುಟ್ಟಿ, ಉಪ್ಪಿನ ಚೀಲ. ಹಾಗಾಗಿ ಚೊಚ್ಚಲ ಹೆರಿಗೆಗೆ ಬಂದ ಅಕ್ಕನಿಗೆ ಮೇಲಿನ ಕೋಣೆ. ಪಕ್ಕದಲ್ಲೇ ಹಂಡೆ, ಒಲೆ ಇದ್ದ ಬಚ್ಚಲು, ಅದರ ತಾರಸಿಯ ಮೇಲೊಂದು ಸಣ್ಣ ಟಾಂಕಿ. ಎಲ್ಲ ಇತ್ತು, ನೀರು ಮಾತ್ರ ಹತ್ತುತ್ತಿರಲಿಲ್ಲ. ಬಾಣಂತಿ ಮೀಯುವುದು ಎರಡು ಚೊಂಬಿನ ಕೆಲಸವಲ್ಲ. ಮೈ ಕೆಂಪಾಗುವಷ್ಟು ಬಿಸಿನೀರು, ಹಂಡೆಗಟ್ಟಲೆ, ನಲವತ್ತು ದಿನ. ಮೆಟ್ಟಿಲು ಹದಿನೆಂಟು. ಅಮ್ಮನ ಮೊಣಕಾಲು ಆಗಲೇ ಊದಿಕೊಂಡಿತ್ತು. ಅಕ್ಕನ ದಿನ ತುಂಬಲು ಮೂರೇ ವಾರ ಉಳಿದಿತ್ತು.

"ರಸ್ತೆ ಪೈಪಿಗೇ ಒಂದು ಮೋಟರ್ ಕೂರ್ಸು ನಾಗಪ್ಪ, ಎಳ್ಕಂಡು ಬತ್ತದೆ," ಎಂದ ಅಪ್ಪ.

ನಾಗಪ್ಪಮಾವ ಅಮ್ಮನ ತಮ್ಮ, ಮುಟ್ಟಳ್ಳಿಯವನು. ಬೋಟಿನ ಎಂಜಿನ್ ರಿಪೇರಿ ಅವನ ಕಸುಬು, ಪೈಪಿನ ಕೆಲಸವೂ ಗೊತ್ತಿತ್ತು. ಶಾಲೆ ಬಿಟ್ಟ ನನಗೆ ಅವನೇ ಮಾಸ್ತರ.

"ಆಗೂದಿಲ್ಲ ಭಾವ. ಆಚೆಮನೆ ಗಿರಿಜಕ್ಕನ ನಲ್ಲಿನೂ ಇದೇ ಪೈಪಿಗೆ ಅದೆ. ನೀವು ಎಳೂಕೆ ಹಿಡ್ದ್ರೆ ಅವ್ಳ ಕೊಡಕ್ಕೆ ಗಾಳಿನೇ ಗತಿ."

"ಊರೆಲ್ಲ ಎಳೀತದೆ. ನೀ ಒಬ್ಬ ಎಂತ ದೊಡ್ಡ ಸಾಚಾ?"

"ಸಾಚಾ ಅಂದೇ ಅಂದ್ಕಳಿ. ಅಕ್ಕನ ಮೊಣಕಾಲು ನಂಗೂ ಕಾಣ್ತದೆ. ಬೇರೆ ಎಂತಾರೂ ಮಾಡ್ವ."

ನನಗೆ ಸಿಟ್ಟು ಬಂದಿತ್ತು. ಮೋಟರಿನ ಗುಂಡಿ ಒತ್ತುವ ಆಸೆ ನನ್ನದು. ಮಾವ ಗುದ್ದಲಿ ಕೊಟ್ಟ. ಅಂಗಳದಲ್ಲಿ ಹೊಂಡ ತೋಡಿ ಸಿಮೆಂಟ್ ರಿಂಗ್ ಇಳಿಸಿ, ರಸ್ತೆಯ ನೀರು ಅದರೊಳಗೆ ಬೀಳುವಂತೆ ಮಾಡಿದೆವು. "ಹತ್ತೂಕೆ ಶಕ್ತಿ ಇಲ್ದಿದ್ರೆ ಮೊದ್ಲು ಇಳೂಕೆ ಬಿಡ್ಬೇಕು ತಮಾ," ಎಂದ. ಗಿರಿಜಕ್ಕ ತುಂಬಿಸಿಕೊಂಡ ಮೇಲೆಯೇ ನಮ್ಮ ವಾಲ್ವ್ ತೆರೆಯಬೇಕೆಂದು ಕಟ್ಟಳೆಯನ್ನೂ ಮಾಡಿದ.

ಹೊಂಡದಿಂದ ಟಾಂಕಿಗೆ ಏರಿಸಲು ನಮ್ಮ ಕೇರಿಯ ಕರೆಂಟನ್ನು ನಂಬುವಂತಿರಲಿಲ್ಲ, ಬಲ್ಬೇ ಮಿಣುಕುತ್ತಿತ್ತು. ದಡದಲ್ಲಿ ಒಡೆಯುತ್ತಿದ್ದ ಹಳೇ ಬೋಟೊಂದರಿಂದ ಮಾವ ಡೀಸೆಲ್ ಏರಿಸುವ ಕೈಪಂಪು ತಂದ. ಹಿಡಿಕೆಯನ್ನು ಎಡಕ್ಕೆ ಬಲಕ್ಕೆ ಆಡಿಸಿದರೆ ನೀರು ಮೇಲೇರುವಂಥದ್ದು.

"ಮನೆನೇ ಸಮುದ್ರಕ್ಕೆ ಬಿಡ್ತ್ಯ ಮಾರಾಯ?" ಎಂದು ದಾರಿಹೋಕರು ನಕ್ಕರು.

ನೀರು ಹತ್ತಿತು. ಅಕ್ಕ ಒಂದು ಚೊಂಬು ಹೊಯ್ದುಕೊಂಡವಳೇ ಒಳಗಿಂದ ಕೂಗಿದಳು: "ಅಮ್ಮಾ, ನಾ ಬಸುರಿಯಾ, ಬೋಟಾ? ಮೈಯೆಲ್ಲ ಡೀಸೆಲ್ ನಾರ್ತದೆ!"

ಕೇರಿಯೆಲ್ಲ ನಗುವಾಗ ಮಾವನ ಮುಖ ಸಣ್ಣದಾಯಿತು. ಪಂಪನ್ನು ಬಿಚ್ಚಿ, ಒಂದೊಂದು ತುಂಡನ್ನೂ ಸೋಡಾ ಹಾಕಿ ಕುದಿಸಿ, ಬೂದಿಯಲ್ಲಿ ತಿಕ್ಕಿದ. ಟಾಂಕಿಯೊಳಗೆ ನನ್ನನ್ನು ಇಳಿಸಿ ತೊಳೆಸಿದ. ಮೂರು ಸಲ ಬಿಚ್ಚಿದ, ಮೂರು ಸಲ ಕೂರಿಸಿದ. ಪ್ರತಿ ಸಲವೂ ಮೊದಲ ಲೋಟ ತಾನೇ ಕುಡಿದ. ಎರಡು ಸಲ ಉಗಿದ. ಮೂರನೆಯ ಸಲ ಬಾಯಿ ಒರೆಸಿಕೊಂಡು ಲೋಟವನ್ನು ಅಮ್ಮನ ಕೈಗೆ ಕೊಟ್ಟ. ಅವಳೂ ಕುಡಿದು, "ಆತು," ಎಂದಳು. ಅಷ್ಟು ಗೆದ್ದ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

ಅಕ್ಕನಿಗೆ ಹೆಣ್ಣು ಹುಟ್ಟಿತು. ಕೇರಿಯ ಬಾಣಂತಿಯರನ್ನೆಲ್ಲ ಮೀಯಿಸುತ್ತಿದ್ದವಳು ಗಿರಿಜಕ್ಕನೇ. ಅವಳು ಮೇಲೆ ನಲ್ಲಿ ತಿರುಗಿಸಿದಳು. ಮೊದಲು ಗಾಳಿ ಕೆಮ್ಮಿತು, ಆಮೇಲೆ ನೀರು ಹಂಡೆಗೆ ದಬದಬ ಬಿತ್ತು. ಕೆಳಗೆ ಹಿಡಿಕೆ ನನ್ನ ಕೈಯಲ್ಲಿತ್ತು.

"ತಮಾ, ಕೈ ನಿಲ್ಲಿಸ್ಬೇಡ! ಇನ್ನೂ ತಲೆಗೆ ಹೊಯ್ಯೂದು ಅದೆ!"

ಎಣ್ಣೆ, ಅರಿಸಿನದ ವಾಸನೆಯ ಬಿಸಿನೀರು ಮೋರಿಯಲ್ಲಿ ಹರಿದು ನನ್ನ ಕಾಲ ಬಳಿಯೇ ಹೋಗುತ್ತಿತ್ತು. ಅಮ್ಮ ಜಗುಲಿಯ ಮೇಲೆ ಕಾಲು ನೀಡಿ ಕೂತು ಮುರುಗಲ ಹಣ್ಣು ಒಡೆಯುತ್ತಿದ್ದಳು. ನೀರು ಹೊರುವ ಆ ಹೊತ್ತಿನಲ್ಲಿ ಅವಳು ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಈಗ ಆ ಕೇರಿಯಲ್ಲಿ ಮನೆಗೊಂದು ಮೋಟರ್. ಒಬ್ಬರದು ಗುರ್ ಎಂದರೆ ಪಕ್ಕದವರ ನಲ್ಲಿ ಒಣಗುತ್ತದೆ, ಬೇಲಿಯ ಎರಡೂ ಬದಿಗೆ ಬೈಗುಳ. ನೀನು ಮೊದಲು ತುಂಬಿಸಿಕೋ ಎನ್ನುವ ಮಾತು ಮಾವನ ಜೊತೆಗೇ ಹೋಯಿತು. ನಾನು ಅವನ ಕಸುಬನ್ನೇ ಹಿಡಿದೆ, ಅದರಿಂದಲೇ ತಲೆ ಎತ್ತಿ ನಿಂತೆ. ಹೊನ್ನಾವರದಲ್ಲಿ ಪೈಪಿನ ಅಂಗಡಿ ಒಂದು. ಕೆಲಸಕ್ಕೆ ಜನ ನಾಲ್ಕು. ಸಾಮಾನು ಸಾಗಿಸುವ ರಿಕ್ಷಾ ಒಂದು. ಕುಮಟೆಯಿಂದ ಭಟ್ಕಳದವರೆಗೆ ನಾನು ನೀರು ಹತ್ತಿಸಿದ ಮಾಳಿಗೆಯ ಬಚ್ಚಲುಗಳು ಮುನ್ನೂರರ ಮೇಲೆ. ರಸ್ತೆ ಪೈಪಿಗೆ ನಾನು ಕೂರಿಸಿದ ಮೋಟರ್, ಒಂದೂ ಇಲ್ಲ.